ಕರೆಂಟಿಲ್ಲದ ಮಷೀನು

ಏಪ್ರಿಲ್ 7, ಸೋಮವಾರ

ನಿನ್ನೆ ರಾಮನವಮಿ. ನಮ್ಮ ಬೀದಿಯ ಪಾನಕದ ಕೊಳದಪ್ಪಲೆ ಎತ್ತಲೆಂದು ಬಗ್ಗಿದವನು ಬಗ್ಗಿದಂತೆಯೇ ಉಳಿದುಬಿಟ್ಟೆ. ಸೊಂಟದಲ್ಲಿ ಏನೋ ಕಳಕ್ಕೆಂದಿತು, ಅಷ್ಟೇ ಗೊತ್ತು. ಶಾಮಿಯಾನದ ಕೆಳಗೆ ಸಾಲು ನಿಂತಿದ್ದವರು ನಾನು ರಾಮದೇವರಿಗೆ ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ಭಕ್ತಿಯಿಂದ ಕಾದರಂತೆ. ಕೊನೆಗೆ ಪಕ್ಕದ ಮನೆಯ ನಚಿಕೇತ, "ಅಂಕಲ್, ಏಳ್ತೀರಾ, ಇಲ್ಲಾ ಹೀಗೇ ಇರ್ತೀರಾ?" ಎಂದು ಕೇಳಿದ. ಪ್ಲಾಸ್ಟಿಕ್ ಕುರ್ಚಿಯ ಸಮೇತ ನನ್ನನ್ನು ಎತ್ತಿ ಮನೆಗೆ ತಂದರು. ಜಯನಗರದ ಟಿ ಬ್ಲಾಕಿನಲ್ಲಿ ಇಷ್ಟು ವರ್ಷ ತಲೆಯೆತ್ತಿ ನಡೆದವನಿಗೆ ಉತ್ಸವಮೂರ್ತಿಯ ಮೆರವಣಿಗೆ ಬೇರೆ.

ಮನೆಯವಳು ಹರಳೆಣ್ಣೆ ಬಿಸಿ ಮಾಡಿ ತಂದಳು. "ಬೇಡ ಅಂದೆ, ಕೇಳ್ಲಿಲ್ಲ" ಎಂದಳು. ಎಣ್ಣೆ ಹಚ್ಚಿ ಹೋದಳು. ನಮ್ಮಿಬ್ಬರ ನಡುವೆ ಮಾತು ಅಡುಗೆಯ ಉಪ್ಪಿನಷ್ಟೇ. ಜಗಳವೇನಿಲ್ಲ, ಹಾಗೆ ರೂಢಿಯಾಗಿದೆ.

ಮಲಗಿಕೊಂಡೇ ಬರೆಯುತ್ತಿದ್ದೇನೆ. ಬೇರೆ ಕೆಲಸವಿಲ್ಲ. ಅಕ್ಷರ ಸೊಟ್ಟಗಾದರೆ ಸೊಂಟದ ತಪ್ಪು.

ಏಪ್ರಿಲ್ 9, ಬುಧವಾರ

ಬಿಳೇಕಹಳ್ಳಿಯಿಂದ ಮಗಳು ಹಂಸಾ ಬಂದು, ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ಒರಗಿಸಿಕೊಂಡು ಜೆ.ಪಿ. ನಗರದ ಒಂದು ಫಿಸಿಯೋಥೆರಪಿ ಕಾಲೇಜಿಗೆ ಕರೆದೊಯ್ದಳು. ಸಾರಕ್ಕಿ ಸಿಗ್ನಲ್ಲಿನವರೆಗಿನ ಪ್ರತಿಯೊಂದು ಹಂಪ್ ಈಗ ನನಗೆ ಬಾಯಿಪಾಠ.

ಅಲ್ಲಿ ಒಂದು ಅಧ್ಯಯನ ನಡೆಯುತ್ತಿದೆಯಂತೆ. ಸೊಂಟ ಹಿಡಿದ ಹೊಸದರಲ್ಲೇ ಫಿಸಿಯೋಥೆರಪಿ ಕೊಟ್ಟರೆ ಬೇಗ ಗುಣವಾಗುತ್ತದೆಯೋ, ಅಥವಾ ಸುಮ್ಮನೆ ಓಡಾಡಿಕೊಂಡಿದ್ದರೂ ಅಷ್ಟೇ ಬೇಗ ಗುಣವಾಗುತ್ತದೆಯೋ ಎಂದು ಪರೀಕ್ಷೆ ಮಾಡುತ್ತಿದ್ದಾರೆ. ಡಾಕ್ಟರ್ ಚಕ್ರಪಾಣಿ ಎಂಬವರು ಕಾಲು ಎತ್ತಿಸಿ, ಮಂಡಿಗೆ ಸುತ್ತಿಗೆ ತಟ್ಟಿ, "ಡಿಸ್ಕ್ ಗಿಸ್ಕ್ ಏನೂ ಇಲ್ಲ ಸಾರ್. ಮಲಗಿಬಿಡಬೇಡಿ, ಆದಷ್ಟು ಓಡಾಡಿ" ಎಂದರು. ಆಮೇಲೆ ವಿವರಿಸತೊಡಗಿದರು. ಎರಡು ಗುಂಪುಗಳು, ಚೀಟಿ ಎತ್ತಿದ ಹಾಗೆ ಕಂಪ್ಯೂಟರೇ ಆರಿಸುತ್ತದೆ, ಯಾರು ಯಾವ ಗುಂಪೆಂದು ಮುಗಿಯುವವರೆಗೆ ಹೇಳುವುದಿಲ್ಲ, ಮಾತುಕತೆ ರೆಕಾರ್ಡ್ ಆಗುತ್ತದೆ, ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ನನಗೆ ನಿಲ್ಲಲಿಕ್ಕೂ ಆಗುತ್ತಿರಲಿಲ್ಲ, ಉಳಿದದ್ದು ಕಿವಿಗೆ ಬೀಳಲಿಲ್ಲ.

"ಗೊತ್ತು ಸಾರ್, ಗೊತ್ತು. ಎಲ್ಲಿ ಸೈನ್ ಹಾಕ್ಬೇಕು ಹೇಳಿ" ಎಂದೆ. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತನಾದವನಿಗೆ ಸಹಿ ಹಾಕುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ದಿನವೂ ನೋವಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಇಂದು ಎಂಟು ಕೊಟ್ಟೆ.

ಏಪ್ರಿಲ್ 11, ಶುಕ್ರವಾರ

ನನ್ನ ಪಾಲಿಗೆ ಬಂದ ಹುಡುಗಿ ಕಲ್ಯಾಣಿ. ಬೇಗೂರಿನವಳು. ಕೆರೆಯ ಪಕ್ಕದಲ್ಲೇ ಮನೆಯಂತೆ. ಬೋರಲು ಮಲಗಿಸಿ, ಬೆನ್ನಿಗೆ ತಣ್ಣನೆಯ ಲೋಳೆ ಹಚ್ಚಿ, ಅದರ ಮೇಲೆ ಅಲ್ಟ್ರಾಸೌಂಡ್ ಮಷೀನಿನ ಪುಟ್ಟ ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿದಳು. ಹಸಿರು ದೀಪ ಉರಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಬಿಸಿ ಎಲುಬಿನವರೆಗೆ ಇಳಿಯಿತು. ಇಷ್ಟು ವರ್ಷ ಕರೆಂಟಿನ ಜೊತೆ ಸಂಸಾರ ಮಾಡಿದವನು ನಾನು, ನನಗೆ ಗೊತ್ತಾಗದೆ ಇರುತ್ತದೆಯೇ? "ಒಳ್ಳೇ ಮಷೀನಮ್ಮ" ಎಂದೆ.

"ನೋವಾಗ್ತಿದ್ಯಾ ಅಂಕಲ್? ಮುಖ ಗಂಟಿಕ್ಕಿದೀರ."

"ಇಲ್ಲಮ್ಮ, ಹಿತವಾಗಿದೆ. ನನ್ನ ಮುಖಾನೇ ಹಾಗೆ."

ಅದು ನಿಜ. ಸಂತೋಷವಾದರೂ ನನ್ನ ಹುಬ್ಬು ಗಂಟಾಗುತ್ತದೆ. ಹಂಸಾಳ ಮದುವೆಯ ಫೋಟೋಗಳಲ್ಲಿ ನಾನು ಕರೆಯದೆ ಬಂದ ನೆಂಟರನ್ನು ಲೆಕ್ಕ ಹಾಕುತ್ತಿರುವ ಹಾಗೆ ಕಾಣುತ್ತೇನೆ.

"ಇವತ್ತು ದಿನ ಹೇಗಿತ್ತು ಅಂಕಲ್?" ಎಂದು ಕೇಳಿದಳು. ಯಾರೂ ಕೇಳಿ ಅಭ್ಯಾಸವಿಲ್ಲ. ನಿವೃತ್ತನಾದ ಮೇಲೆ ನನ್ನ ದಿನ ಹೇಗಿದ್ದರೆ ಯಾರಿಗೇನು? ಬನಶಂಕರಿಯಲ್ಲಿ ಒಮ್ಮೆ ಮಳೆಯಲ್ಲಿ ಟ್ರಾನ್ಸ್‌ಫಾರ್ಮರ್ ಸಿಡಿದ ಕಥೆ ಹೇಳಿದೆ. "ಆಮೇಲೆ?" ಎಂದು ರಾಗವಾಗಿ ಕೇಳಿದಳು. ಆಮೇಲಿನದನ್ನೂ ಹೇಳಿದೆ.

ಏಪ್ರಿಲ್ 16, ಬುಧವಾರ

ಒಬ್ಬನೇ ಮೆಟ್ರೋದಲ್ಲಿ ಹೋಗಿ ಬಂದೆ. ನೋವು ಐದು.

ಮನೆಯವಳ ಕೈಲಿ ಕೋಡುಬಳೆ ಮಾಡಿಸಿಕೊಂಡು ಹೋಗಿದ್ದೆ. "ಯಾರಿಗೆ?" ಎಂದಳು. "ಆ ಹುಡುಗಿಗೆ. ಪಾಪ, ಬೆಳಗ್ಗೆಯಿಂದ ನಿಂತೇ ಇರ್ತಾಳೆ" ಎಂದೆ. ಡಬ್ಬಿಗೆ ತುಂಬಿಕೊಟ್ಟಳು. ಕಲ್ಯಾಣಿ ಒಂದು ತಿಂದು, "ಸಖತ್ತಾಗಿದೆ ಅಂಕಲ್" ಎಂದಳು. "ನಮ್ಮ ವಿಮಲಾ ಮಾಡಿದ್ರೆ ಹಾಗೇ. ಜಯನಗರದಲ್ಲಿ ಯಾವ ಅಂಗಡೀಲೂ ಸಿಗಲ್ಲ ಈ ಹದ" ಎಂದೆ. ಖಾಲಿ ಡಬ್ಬಿ ಮನೆಗೆ ತಂದು ಸಿಂಕಿನಲ್ಲಿಟ್ಟೆ.

ಏಪ್ರಿಲ್ 21, ಸೋಮವಾರ

ಇವತ್ತು ಆ ಹುಡುಗಿ ಕೇಳಿದ್ದು: "ಮನೇಲಿ ನಿಮಗೆ ತುಂಬಾ ಖುಷಿ ಕೊಟ್ಟ ಒಂದು ವಿಷಯ ಹೇಳಿ ಅಂಕಲ್."

ನಾನು ಹೇಳಬಾರದಿತ್ತೋ ಏನೋ. ಬೋರಲು ಮಲಗಿದಾಗ ಎದುರಿನವರ ಮುಖ ಕಾಣುವುದಿಲ್ಲವಲ್ಲ, ಮಾತು ತಾನಾಗಿ ಹೊರಬರುತ್ತದೆ.

ಮದುವೆಯಾದ ಹೊಸದು. ವಿಮಲಾ ಗಮಕ ಪರೀಕ್ಷೆಗಳನ್ನು ಪಾಸು ಮಾಡಿ ಬಂದವಳು. ಸಂಜೆ ದೀಪ ಹಚ್ಚಿ, ಹಜಾರದ ಕಿಟಕಿಯ ಬಳಿ ಕೂತು ಕಾವ್ಯ ಓದುತ್ತಿದ್ದಳು. ಓದುವುದೆಂದರೆ ಬರಿಯ ಓದಲ್ಲ, ಒಂದೊಂದು ಪದ್ಯಕ್ಕೂ ಒಂದೊಂದು ರಾಗ. ನಾನು ಆಫೀಸಿನಿಂದ ಬಂದು ಬೆಲ್ ಒತ್ತಿದರೆ ತಟ್ಟನೆ ನಿಲ್ಲಿಸಿ ಕಾಫಿಗೆ ಎದ್ದುಬಿಡುತ್ತಿದ್ದಳು. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಮೂಲೆಯ ಹೊಂಗೆ ಮರದ ಹತ್ತಿರವೇ ಸ್ಕೂಟರ್ ಆಫ್ ಮಾಡಿ, ಸದ್ದಾಗದಂತೆ ತಳ್ಳಿಕೊಂಡು ಬಂದು, ಗೇಟಿನ ಬಳಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಅವಳು ಓದಿ ಮುಗಿಸಿದ ಮೇಲೆ ಬೆಲ್. ನನ್ನ ಇಡೀ ದಿನದ ದುಡಿಮೆಗೆ ಅದೇ ಕೂಲಿಯಾಗಿತ್ತು.

"ಆಂಟಿಗೆ ಗೊತ್ತಾ ಇದು?"

"ಇಲ್ಲಮ್ಮ. ಇಂಥದ್ದನ್ನೆಲ್ಲ ಯಾರಾದ್ರೂ ಹೇಳ್ತಾರಾ?"

"ನಮ್ಮ ತಾತನೂ ಹೀಗೇ ಅಂಕಲ್, ಮನಸ್ಸಲ್ಲಿರೋದು ಬಾಯಿಗೆ ಬರ್ತಾನೇ ಇರ್ಲಿಲ್ಲ. ಈಗಲೂ ಓದ್ತಾರಾ ಆಂಟಿ?"

"ಇಲ್ಲ. ಹಂಸಾ ಹುಟ್ಟೋಕೆ ಮುಂಚೆನೇ ಬಿಟ್ಬಿಟ್ಲು. ಯಾಕೋ ಗೊತ್ತಿಲ್ಲ."

ಯಾಕೋ ಗೊತ್ತಿಲ್ಲ. ಕೇಳಿಯೂ ಇಲ್ಲ. ಕಲ್ಯಾಣಿ ಹಿಡಿಕೆಯನ್ನು ಒಂದೇ ಕಡೆ ತಿರುಗಿಸತೊಡಗಿದಳು. ಅವಳಿಗೂ ಏನೋ ಅನ್ನಿಸಿರಬೇಕು. ಮೆಟ್ರೋದಲ್ಲಿ ಕೂತು ಯೋಚಿಸಿದೆ, ಈ ವಯಸ್ಸಿನಲ್ಲಿ ನನ್ನ ಮಾತನ್ನು ಇಷ್ಟು ಆಸೆಯಿಂದ ಕೇಳುವ ಜೀವವೊಂದು ಸಿಕ್ಕಿತಲ್ಲ ಎಂದು. ಪಾನಕದ ಕೊಳದಪ್ಪಲೆಗೆ ಒಂದು ನಮಸ್ಕಾರ.

ಏಪ್ರಿಲ್ 28, ಸೋಮವಾರ

ನಿಜ ಹೇಳಬೇಕೆಂದರೆ ನೋವು ಒಂದಕ್ಕೆ ಇಳಿದಿದೆ. ಆ್ಯಪಿನಲ್ಲಿ ನಾಲ್ಕು ಒತ್ತಿದೆ. ಪೂರ್ತಿ ಗುಣವಾಯಿತೆಂದರೆ ಇನ್ನು ಬರಬೇಡಿ ಎಂದುಬಿಟ್ಟರೆ?

"ಸೊಂಟ ಹೇಗಿದೆ?" ಎಂದು ಮನೆಯವಳು ಕೇಳಿದಳು. "ಇದೆ" ಎಂದೆ.

ಮೇ 2, ಶುಕ್ರವಾರ

ಒತ್ತಿ ಬರೆದು ಹಾಳೆ ಹರಿಯಿತು. ಸಿಟ್ಟಿನಿಂದ.

ಇವತ್ತು ಬೇಗ ಹೋಗಿದ್ದೆ. ಹೊರಗಿನ ಬೆಂಚಿನಲ್ಲಿ ಕೂತೆ. ಚಿಕಿತ್ಸೆಯ ಮಂಚಗಳ ನಡುವೆ ಬರೀ ಬಟ್ಟೆಯ ಪರದೆ. ಒಳಗೆ ಕಲ್ಯಾಣಿ ಇನ್ಯಾರೋ ಹೆಂಗಸಿನ ಜೊತೆ ಮಾತಾಡುತ್ತಿದ್ದಳು.

"ಇವತ್ತು ದಿನ ಹೇಗಿತ್ತು ಆಂಟಿ?"

ಆಕೆ ಏನೋ ಹೇಳಿದರು. ಸೊಸೆಯ ವಿಷಯ. "ಆಮೇಲೆ?" ಎಂದಳು ಕಲ್ಯಾಣಿ. ಅದೇ ರಾಗ, ಅದೇ ಎಳೆತ. ಇರಲಿ, ಹುಡುಗಿಯ ಮಾತಿನ ರೀತಿಯೇ ಅದು ಎಂದುಕೊಂಡೆ. ನಂತರ ಕೇಳಿದಳು: "ಮನೇಲಿ ನಿಮಗೆ ತುಂಬಾ ಖುಷಿ ಕೊಟ್ಟ ಒಂದು ವಿಷಯ ಹೇಳಿ ಆಂಟಿ." ಆಕೆ ಬಿಕ್ಕಿದರು. ಗಂಡ ಹೋದ ಮೇಲೆ ಯಾರಿಗೂ ಹೇಳಿರಲಿಲ್ಲ ಎನ್ನುತ್ತಾ ಏನೋ ಹೇಳತೊಡಗಿದರು. ನಾನು ಕಿವಿ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ.

"ನಮ್ಮ ತಾತನೂ ಹೀಗೇ ಆಂಟಿ, ಮನಸ್ಸಲ್ಲಿರೋದು ಬಾಯಿಗೆ ಬರ್ತಾನೇ ಇರ್ಲಿಲ್ಲ."

ಆ ತಾತ ನಿಜವಾಗಿ ಇದ್ದನೋ ಇಲ್ಲವೋ, ಆ ಕ್ಷಣಕ್ಕೆ ನನ್ನ ಪಾಲಿಗೆ ಸತ್ತುಹೋದ.

ನನ್ನ ಸರದಿ ಬಂತು. ಮಲಗಿದೆ. ಲೋಳೆ ಹಚ್ಚಿದಳು. "ಇವತ್ತು ದಿನ ಹೇಗಿತ್ತು ಅಂಕಲ್?"

"ಪಕ್ಕದ ಆಂಟೀನೇ ಕೇಳಮ್ಮ" ಎಂದೆ.

ಹಿಡಿಕೆ ತಿರುಗುವುದು ನಿಂತಿತು. ಆಮೇಲೆ ಕೊನೆಯವರೆಗೂ ಇಬ್ಬರೂ ಮಾತಾಡಲಿಲ್ಲ. ಇವತ್ತು ಬಿಸಿಯೂ ಹತ್ತಲಿಲ್ಲ.

ಮೇ 5, ಸೋಮವಾರ

ಇಂದು ನನ್ನ ಕೊನೆಯ ಸರದಿ. ಮಂಚ ಹತ್ತಲಿಲ್ಲ, ನೇರ ಚಕ್ರಪಾಣಿಯವರ ಕೋಣೆಗೆ ಹೋದೆ. ಕಲ್ಯಾಣಿಯನ್ನೂ ಕರೆಸಿ ಎಂದೆ.

ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿಸುತ್ತಿದ್ದೀರಲ್ಲ, ಇದು ಆಸ್ಪತ್ರೆಯೋ ನಾಟಕ ಕಂಪನಿಯೋ ಎಂದು ಕೇಳಿದೆ. ಚಕ್ರಪಾಣಿ ಕೋಪಿಸಿಕೊಳ್ಳಲಿಲ್ಲ. "ನಿಮ್ಮ ಸೆಷನ್ಸ್ ಮುಗಿದವು ಸಾರ್, ಈಗ ಹೇಳ್ಬೋದು" ಎಂದು ಶುರು ಮಾಡಿದರು. ಒಂದು ಗುಂಪಿಗೆ ನಿಜವಾದ ಫಿಸಿಯೋಥೆರಪಿ, ವ್ಯಾಯಾಮ, ಕೈಚಿಕಿತ್ಸೆ ಎಲ್ಲ. ಇನ್ನೊಂದು ಗುಂಪಿಗೆ ಓಡಾಡಿ ಎಂಬ ಸಲಹೆ, ಅಷ್ಟೇ ಹೊತ್ತಿನ ಸ್ನೇಹದ ಮಾತು, ಜೊತೆಗೆ ಆಫ್ ಆಗಿರುವ ಮಷೀನು. ಆರೈಕೆ ಸಿಕ್ಕಿತೆಂಬ ಸಮಾಧಾನಕ್ಕೇ ಎಷ್ಟು ಗುಣವಾಗುತ್ತದೆ, ಚಿಕಿತ್ಸೆಯಿಂದ ಎಷ್ಟು ಗುಣವಾಗುತ್ತದೆ ಎಂದು ಬೇರೆ ಬೇರೆ ಅಳೆಯಬೇಕಲ್ಲ.

"ಮಷೀನು ಆಫ್ ಇತ್ತಾ?" ಎಂದೆ.

"ಲೈಟ್ ಮಾತ್ರ ಉರಿಯತ್ತೆ ಸಾರ್. ಒಳಗೆ ಏನೂ ಹೋಗಲ್ಲ. ಮೊದಲನೇ ದಿನಾನೇ ಎಲ್ಲಾ ಹೇಳಿದ್ವಿ. ನೀವು ಗೊತ್ತು ಗೊತ್ತು ಅಂದ್ರಿ."

ಕರೆಂಟಿಲ್ಲದ ಮಷೀನಿನಲ್ಲಿ ಬಿಸಿ ಕಂಡ ವಿದ್ಯುತ್ ಇಲಾಖೆಯ ಎಂಜಿನಿಯರು! ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಕೋಳಿಯ ಕೈಲಿ ಸಹಿ ಹಾಕಿಸಿಕೊಂಡೇ ಅರೆದಿದ್ದಾರೆ. ಮಷೀನಿನ ಮೋಸವನ್ನಾದರೂ ನಕ್ಕು ಮರೆಯುತ್ತಿದ್ದೆ. ಮಾತಿನ ಮೋಸ ಮರೆಯಲಾರೆ.

ಕಲ್ಯಾಣಿ ಬಾಗಿಲವರೆಗೂ ಬಂದಳು. "ಪ್ರಶ್ನೆ ಅವ್ರು ಕೊಟ್ಟಿದ್ದು ಅಂಕಲ್. ಆದ್ರೆ ನೀವು ಹೇಳಿದ್ದನ್ನ ನಾನು ನಿಜವಾಗ್ಲೂ ಕೇಳಿಸ್ಕೊಂಡೆ. ತಾತನೂ ನಿಜವಾಗ್ಲೂ ಇದ್ರು."

"ನನ್ನ ಕಥೆ ಈಗ ಯಾರ್ಯಾರು ಕೇಳಿದಾರೆ?"

"ನಾವು ಸರಿಯಾಗಿ ಮಾತಾಡಿಸ್ತೀವಾ ಅಂತ ಚೆಕ್ ಮಾಡೋಕೆ ಒಬ್ರು ಕೇಳ್ತಾರೆ ಅಂಕಲ್."

"ಅಳಿಸಿಬಿಡಿ. ಎಲ್ಲಾ ಅಳಿಸಿ. ನಿಮ್ಮ ಪರೀಕ್ಷೇಲಿ ನನ್ನ ಹೆಸರೂ ಬೇಡ, ನನ್ನ ಸೊಂಟಾನೂ ಬೇಡ" ಎಂದೆ. ಚಕ್ರಪಾಣಿ ಅಲ್ಲೇ ಬರೆಸಿಕೊಂಡರು. ಇವತ್ತೇ ಅಳಿಸುತ್ತೇವೆ ಎಂದರು.

ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. ಮನೆಯವಳು ಎಂಥದ್ದೋ ಕಾಳು ಬಿಡಿಸುತ್ತಿದ್ದಳು, ಯಾವುದೆಂದು ನಾನು ನೋಡಲಿಲ್ಲ. ಮಂಗ ಮಾಡಿದರು ಕಣೇ ನನ್ನನ್ನು ಎಂದು ಎಲ್ಲ ಹೇಳಿದೆ. "ಮನೆಮಗಳು ಅಂದ್ಕೊಂಡಿದ್ದೆ ಆ ಹುಡುಗೀನ. ನಂಬಿ ಸ್ಕೂಟರ್ ವಿಷಯಾನೂ ಹೇಳ್ದೆ."

"ಯಾವ ಸ್ಕೂಟರ್?" ಎಂದಳು.

ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳುವ ಹಾಗಿಲ್ಲ. ಹೇಳಿದೆ. ಹೊಂಗೆ ಮರ, ಗೇಟು, ಅವಳ ಓದು. ಹೇಳುವಾಗ ಅವಳಿಗೆ ಸಂತೋಷವಾದೀತೆಂಬ ಆಸೆಯೂ ಒಂದಿಷ್ಟು ಇತ್ತು.

ಕಾಳಿನ ಮೊರ ಬದಿಗಿಟ್ಟಳು.

"ಒಂದಿನ ಕಿಟಕೀಲಿ ನೋಡ್ದೆ ನಾನು. ಗೇಟ್ ಹತ್ರ ಸ್ಕೂಟರ್ ಹಿಡ್ಕೊಂಡು ನಿಂತಿದ್ರಿ. ಕಣ್ಮುಚ್ಕೊಂಡು, ಹುಬ್ಬು ಗಂಟು ಹಾಕ್ಕೊಂಡು. ಇವಳ ರಾಗ ಯಾವಾಗ ಮುಗಿಯತ್ತೋ, ಯಾವಾಗ ಒಳಗೆ ಹೋಗ್ತೀನೋ ಅಂತ ಕಾಯ್ತಿದೀರಿ ಅನ್ಕೊಂಡೆ. ದಣಿದು ಬಂದೋರಿಗೆ ಮನೆಯೊಳಗೆ ಬರಕ್ಕೂ ಆಗದ ಹಾಗೆ ಮಾಡಿದೀನಲ್ಲ ಅಂತ ನಾಚಿಕೆ ಆಯ್ತು. ಅವತ್ತೇ ಪುಸ್ತಕ ಮುಚ್ಚಿಟ್ಟೆ."

"ಅಯ್ಯೋ, ಕೇಳ್ಬಾರದಿತ್ತಾ ನನ್ನ?"

"ನೀವು ಹೇಳ್ಬಾರದಿತ್ತಾ? ನಾನು ನಿಲ್ಲಿಸ್ದಾಗ ಯಾಕೆ ಅಂತನಾದ್ರೂ ಕೇಳಿದ್ರಾ?" ಎಂದಳು. "ನಿಮಗೆ ಇಷ್ಟ ಇರ್ಲಿಲ್ಲ ಅಂತ ಇಷ್ಟು ವರ್ಷ ಹೇಗೋ ಸಮಾಧಾನ ಮಾಡ್ಕೊಂಡಿದ್ದೆ. ಇಷ್ಟ ಇತ್ತು, ಅದನ್ನ ಬೇಗೂರಿನ ಹುಡುಗಿಗೆ ಹೇಳಿದ್ರಿ ಅಂದ್ರೆ ಅದಕ್ಕೆ ಯಾವ ಸಮಾಧಾನ ತರ್ಲಿ?" ಎಂದಳು.

ಮೋಸಹೋದವನು ನಾನು. ಸಮಾಧಾನ ಹೇಳಬೇಕಾದದ್ದು ನನಗೆ. ಇಲ್ಲಿ ನೋಡಿದರೆ ನಾನೇ ಕಟಕಟೆಯಲ್ಲಿ ನಿಂತಿದ್ದೇನೆ.

ಮೇ 6, ಮಂಗಳವಾರ

ಮಾತಿಲ್ಲ. ಊಟ ಮೇಜಿನ ಮೇಲಿತ್ತು.

ಮೇ 8, ಗುರುವಾರ

ಇಂದು ಬೆಳಿಗ್ಗೆ ವಿಮಲಾ ತಾನಾಗಿಯೇ ಬಂದು ನಿಂತಳು. "ಆ ರೆಕಾರ್ಡಿಂಗ್ ನಾನು ಕೇಳ್ಬೇಕು" ಎಂದಳು.

"ಯಾಕೆ?"

"ಹೇಗೆ ಹೇಳಿದ್ರಿ ಅಂತ ಕೇಳ್ಬೇಕು. ಮೊನ್ನೆ ನೀವು ಸಿಟ್ಟಲ್ಲಿ ಹೇಳಿದ್ರಿ. ಆ ಹುಡುಗಿಗೆ ಹಾಗೆ ಹೇಳಿರಲ್ಲ."

ಅಳಿಸಿಬಿಟ್ಟಿದ್ದಾರೆ ಎಂದೆ. ಯಾರು ಅಳಿಸಲು ಹೇಳಿದ್ದು ಎಂದು ಕೇಳಿದಳು. ನಾನೇ ಎಂದೆ. ನಕ್ಕಳು. ಅಂಥ ನಗುವನ್ನು ಅವಳ ಮುಖದಲ್ಲಿ ನಾನು ಕಂಡಿರಲಿಲ್ಲ. "ಅದೊಂದು ನನಗೆ ಉಳೀಬೋದಿತ್ತು" ಎಂದು ಒಳಗೆ ಹೋದಳು.

ಕಾಲೇಜಿಗೆ ಫೋನ್ ಮಾಡಿದೆ. ಕಲ್ಯಾಣಿಯೇ ತೆಗೆದಳು. "ಅವತ್ತೇ ಹೋಯ್ತು ಅಂಕಲ್. ವಾಪಸ್ ಬರಲ್ಲ" ಎಂದಳು. "ನೀವೇ ಹೇಳಿ ಅಂಕಲ್ ಆಂಟಿಗೆ, ನನಗೆ ಹೇಳಿದ್ರಲ್ಲ ಹಾಗೇ" ಎಂದಳು. ಹುಡುಗಿಗೆ ಹೇಳುವುದು ಸುಲಭ. ನನಗೆ ಬೋರಲು ಮಲಗದೆ ಆ ಮಾತು ಬರುವುದಿಲ್ಲವಲ್ಲ.

ಮೇ 9, ಶುಕ್ರವಾರ

ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಹೋದೆ. ಒಂದು ಸಲ ನೀರು ಕುಡಿದು ಬಂದೆ. ಇನ್ನೊಂದು ಸಲ ಬಾಗಿಲಿಗೆ ಒರಗಿ ನಿಂತು, ಏನಾದರಾಗಲಿ ಎಂದು, "ಇವತ್ತು ದಿನ ಹೇಗಿತ್ತು ನಿಂದು?" ಎಂದೆ.

ವಿಮಲಾ ಒಗ್ಗರಣೆಯ ಸೌಟು ಕೆಳಗಿಟ್ಟಳು. "ಇದು ಆ ಹುಡುಗಿ ಪ್ರಶ್ನೆ ಅಲ್ವಾ?"

ಹೌದು, ಅವಳದ್ದೇ. ಆದರೆ ಕೇಳಿದ್ದು ನಾನು, ನಿಜವಾಗಿಯೇ ಕೇಳಿದ್ದು. ಇದನ್ನು ವಿಮಲಾಗೆ ಹೇಳಿದರೆ ನಂಬುವುದಾದರೂ ಹೇಗೆ? ಮೊನ್ನೆ ಚಕ್ರಪಾಣಿಯವರ ಬಾಗಿಲ ಬಳಿ ಇದೇ ಮಾತನ್ನು ಕಲ್ಯಾಣಿ ಹೇಳಿದಾಗ ನಾನು ನಂಬಿದೆನೇ? ಹಿಂದಕ್ಕೆ ಬಂದು ಕುರ್ಚಿಯಲ್ಲಿ ಕೂತೆ.

ಮೇ 12, ಸೋಮವಾರ

ಸಂಜೆ ಹಾಲಿನ ಪ್ಯಾಕೆಟ್ ತರಲು ಹೋಗಿದ್ದೆ. ಮೂಲೆಯಲ್ಲಿ ಈಗ ಹೊಂಗೆ ಮರವಿಲ್ಲ, ಬೇಕರಿಯಿದೆ. ಸ್ಕೂಟರಂತೂ ಎಂದೋ ಹೋಯಿತು. ನಡೆದು ಬಂದೆ. ಮನೆಯ ದೀಪ ಹತ್ತಿತ್ತು. ಗೇಟಿಗೆ ಕೈ ಹಾಕಿದವನು ಹಾಗೇ ನಿಂತೆ.

ಕಿಟಕಿಯ ಬಳಿ ವಿಮಲಾ ಕೂತಿದ್ದಳು. ತೊಡೆಯ ಮೇಲೆ ಪುಸ್ತಕ. ರಟ್ಟು ಕಿತ್ತುಬಂದ ಅದೇ ಹಳೆಯ ಪುಸ್ತಕ, ನನಗೆ ಗೇಟಿನಿಂದಲೇ ಗುರುತು ಸಿಕ್ಕಿತು. ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹುಬ್ಬು ಸಡಿಲಿಸಲು ನೋಡಿದೆ. ಮುಖ ಯಾವ ಅವಸ್ಥೆಯಲ್ಲಿತ್ತೋ ದೇವರಿಗೇ ಗೊತ್ತು. ನಗಲಿಕ್ಕೂ ಪ್ರಯತ್ನಿಸಿದೆ.

ಅವಳು ಎದ್ದು ಕಿಟಕಿಯ ಬಾಗಿಲು ಎಳೆದು ಚಿಲಕ ಹಾಕಿದಳು. ಪರದೆ ಎಳೆಯಲಿಲ್ಲ. ಮತ್ತೆ ಅಲ್ಲೇ ಕೂತಳು. ಗಾಜಿನ ಆಚೆ ಅವಳ ತುಟಿ ಆಡುವುದು ಕಂಡಿತು. ಬಲಗೈ ಮೆಲ್ಲಗೆ ತೊಡೆಯ ಮೇಲೆ ಏಳುತ್ತ ಬೀಳುತ್ತ ಇತ್ತು, ಆಗಲೂ ಹಾಗೇ ಮಾಡುತ್ತಿದ್ದಳು. ಏನೂ ಕೇಳಿಸಲಿಲ್ಲ. ಎದುರು ಮನೆಯ ಕುಕ್ಕರ್ ಕೂಗಿತು, ಆಟೋ ಒಂದು ಹೋಯಿತು, ನಚಿಕೇತ ಬೈಕ್ ನಿಲ್ಲಿಸಿ, "ಅಂಕಲ್, ಮತ್ತೆ ಸೊಂಟ ಹಿಡ್ಕೊಂಡ್ತಾ?" ಎಂದು ಕೇಳಿದ. ಇಲ್ಲ ಎಂದೆ. ಸುಮ್ಮನೆ ನಿಂತಿದ್ದೇನೆ ಎಂದೆ.

ಯಾವ ಪದ್ಯ ಓದಿದಳೋ, ಯಾವ ರಾಗದಲ್ಲೋ. ತುಟಿ ನೋಡಿ ಊಹಿಸಲು ಯತ್ನಿಸಿದೆ, ಆಗಲಿಲ್ಲ. ಹಾಲಿನ ಪ್ಯಾಕೆಟ್ ಕೈಯಲ್ಲೇ ಬೆಚ್ಚಗಾಯಿತು. ಅಷ್ಟು ಹೊತ್ತು ನಿಂತರೂ ಸೊಂಟ ಒಂದಿಷ್ಟೂ ನೋಯಲಿಲ್ಲ.

ಅವಳು ಪುಸ್ತಕ ಮುಚ್ಚುವವರೆಗೂ ನಿಂತಿದ್ದು, ಆಮೇಲೆ ಬೆಲ್ ಒತ್ತಿದೆ. ಬಾಗಿಲು ತೆಗೆಯಲು ಅವಳು ಅವಸರ ಮಾಡಲಿಲ್ಲ.